ಕುರುಹು ಮತ್ತು ಅರಿವು



ಕುರುಹು ಎಂಬ ಪದ ನಮ್ಮ ಮನೆಗಳಲ್ಲಿ ಹಿರಿಯರಿಂದ ಕಿರಿಯರವರೆಗೆ ಎಲ್ಲರಿಗೂ ಪರಿಚಿತವಾದುದು. ಕೊರಳಲ್ಲಿ ಧರಿಸಿದ ಇಷ್ಟಲಿಂಗವನ್ನು ನಾವು ಅರಿವಿನ ಕುರುಹೆಂದೇ ಭಾವಿಸುತ್ತೇವೆ. ಕುರುಹು ಕೈಗೆ ದೊರೆಯುವಂಥದು. ಅರಿವು ನಾವು ಸಾಧಿಸಿ ಪಡೆಯಬೇಕಾದುದು. ಇವೆರಡರ ಸಂಬಂಧ ಪೂಜಾಗೃಹಕ್ಕೆ ಮಾತ್ರ ಸೀಮಿತವಾದುದಲ್ಲ. ಈ ತಿಂಗಳು ಅದನ್ನು ತೀರ ಬೇರೆಯದೊಂದು ಕ್ಷೇತ್ರದ ದೃಷ್ಟಾಂತದಿಂದ, ಎಂದರೆ ಹಳೆಯ ಸೇನಾವಾಹನಗಳ ಮೇಲಿನ ಮಾಸಿದ ಗುರುತುಗಳಿಂದ, ವಿಚಾರ ಮಾಡೋಣ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ 1945ರವರೆಗೆ, ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ ನಮ್ಮ ದೇಶದಲ್ಲಿ ಉಳಿದ ಇಂಥ ಅನೇಕ ವಾಹನಗಳು ಡಿಸ್ಪೋಸಲ್ ಮಾಲಾಗಿ ಮಾರಾಟವಾಗಿ ಖಾಸಗಿಯವರ ಕೈಸೇರಿದವು. ಕೈ ಬದಲಾದಂತೆ ಬಣ್ಣವೂ ಬದಲಾಯಿತು. ಸೇನೆಯ ಕಡುಹಸಿರಿನ ಮೇಲೆ ಮತ್ತೊಂದು ಹಸಿರು, ಅದರ ಮೇಲೆ ನೀಲಿ, ಅದರ ಮೇಲೆ ಕೆಂಪು, ಹೀಗೆ ಪದರಗಳು ಕೂಡುತ್ತ ಹೋದವು. ಎಲ್ಲಕ್ಕೂ ಕೆಳಗೆ, ಬಾನೆಟ್ಟಿನ ಎರಡೂ ಪಕ್ಕಗಳಲ್ಲಿ, ಆ ಜೀಪಿನ ಮೂಲ ನೋಂದಣಿ ಸಂಖ್ಯೆ ಮಲಗಿರುತ್ತದೆ. ಅಮೆರಿಕದ ಸೇನೆ ಈ ಬಗೆಯ ವಾಹನಗಳಿಗೆ 20 ಎಂದು ಆರಂಭವಾಗುವ ಸಂಖ್ಯೆ ಕೊಡುತ್ತಿತ್ತು. ಮೊದಮೊದಲು ಅದನ್ನು ದೂರಕ್ಕೆ ಎದ್ದು ಕಾಣದ ಮಂಕುನೀಲಿಯಲ್ಲಿ ಬರೆಯುತ್ತಿದ್ದರು; ಯುದ್ಧದ ಕೊನೆಯ ಹೊತ್ತಿಗೆ ಬಿಳಿಯಲ್ಲಿ ಬರೆಯುವ ರೂಢಿ ಬಂದಿತು.

ಈ ಸಂಖ್ಯೆಯನ್ನು ಬೆಳಕಿಗೆ ತರುವ ಕಾರ್ಯ ಒಂದು ಕಾಯಕವೇ ಸರಿ. ಬಣ್ಣ ಕಳೆಯುವ ರಾಸಾಯನಿಕ ಸುರಿದರೆ ಒಂದು ಗಳಿಗೆಯಲ್ಲಿ ಲೋಹ ಹೊಳೆಯುತ್ತದೆ. ಅದರೊಡನೆ ಸಂಖ್ಯೆಯೂ ಹೊರಟುಹೋಗುತ್ತದೆ. ಆದ್ದರಿಂದ ಬಲ್ಲವರು ನಯವಾದ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ, ಅಂಗೈಯಗಲದ ಜಾಗವನ್ನು ಮಾತ್ರ ಮೆಲ್ಲಗೆ ಉಜ್ಜುತ್ತಾರೆ. ಒಂದು ಪದರ ಸವೆದು ಮತ್ತೊಂದು ಕಂಡೊಡನೆ ಕೈ ನಿಲ್ಲಿಸಿ, ಒರೆಸಿ, ಛಾಯಾಚಿತ್ರ ತೆಗೆದುಕೊಂಡು ಮುಂದುವರಿಯುತ್ತಾರೆ. ಅಕ್ಷರದ ಬಣ್ಣವೇ ಅಳಿದಿದ್ದರೂ ನಿರಾಶರಾಗಬೇಕಿಲ್ಲ. ದೀಪವನ್ನು ಓರೆಯಾಗಿ ಹಿಡಿದರೆ ಒಮ್ಮೊಮ್ಮೆ ಅಂಕಿಯ ಅಂಚು ಕೂದಲೆಳೆಯಷ್ಟು ಉಬ್ಬಿ ತೋರುತ್ತದೆ.

ಇಲ್ಲಿ ಒಂದು ಧರ್ಮಸೂಕ್ಷ್ಮವುಂಟು. ಕೆಳಗಿನ ಪದರ ಕಾಣಬೇಕಾದರೆ ಮೇಲಿನದು ಅಳಿಯಲೇಬೇಕು. ಸೈನಿಕನ ಸಂಖ್ಯೆಯನ್ನು ಹುಡುಕುವ ಭರದಲ್ಲಿ, ಅದೇ ಜೀಪಿನಲ್ಲಿ ಮುಂದೆ ಹಲವು ವರ್ಷ ದುಡಿದ ಕುಟುಂಬವೊಂದರ ಹೆಸರನ್ನು ನಾವು ಉಜ್ಜಿಹಾಕಬಹುದು. ಯಾವ ಪದರವೂ ಸುಳ್ಳಲ್ಲ. ಒಂದೊಂದೂ ಒಬ್ಬೊಬ್ಬರ ಬಾಳಿನ ಸಾಕ್ಷಿ. ಉಜ್ಜಿದ ಮೇಲೆ ಅದನ್ನು ಮರಳಿ ತರುವ ವಿದ್ಯೆ ಯಾರಲ್ಲಿಯೂ ಇಲ್ಲ. ಅಲ್ಲದೆ, ಸಿಕ್ಕ ಸಂಖ್ಯೆ ಆ ಜೀಪಿನದೇ ಎಂದು ಒಮ್ಮೆಗೇ ನಂಬಲಾಗದು. ದುರಸ್ತಿಯ ಕಾಲದಲ್ಲಿ ಒಂದರ ಬಾನೆಟ್ಟು ಇನ್ನೊಂದಕ್ಕೆ ಸೇರುವುದು ಸಾಮಾನ್ಯ. ಆದ್ದರಿಂದ ಅಡಿಚೌಕಟ್ಟಿನ ಸಂಖ್ಯೆಯನ್ನೂ ನೋಡಬೇಕು. ಫೋರ್ಡ್ ಜೀಪಿನಲ್ಲಿ ಅದನ್ನು ಚೌಕಟ್ಟಿನ ಮೇಲೆಯೇ ಒತ್ತಿರುತ್ತಾರೆ. ವಿಲ್ಲಿಸ್ ಜೀಪಿನಲ್ಲಿ ಸಣ್ಣ ತಗಡಿನ ಮೇಲೆ ಬರೆದು ಚೌಕಟ್ಟಿಗೆ ಜಡಿದಿರುತ್ತಾರೆ. ಒಂದು ಕುರುಹಿಗೆ ಇನ್ನೊಂದು ಕುರುಹು ಸಾಕ್ಷಿ ನುಡಿಯಬೇಕು.

ಕುರುಹು ಸ್ಪಷ್ಟವಾಗಿದ್ದರೂ ಅರಿವು ತಪ್ಪಬಹುದೆಂಬುದಕ್ಕೆ ಇಂಗ್ಲೆಂಡಿನಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. ಬೋವಿಂಗ್ಟನ್ನಿನ ಟ್ಯಾಂಕ್ ಮ್ಯೂಸಿಯಮ್ಮಿನಲ್ಲಿ ಜರ್ಮನರ ಟೈಗರ್ ಟ್ಯಾಂಕೊಂದಿದೆ. ಅದರ ಗೋಪುರದ ಮೇಲಿನ ಅಂಕಿ 131. ಒಂದನೆಯ ಕಂಪನಿ, ಮೂರನೆಯ ತುಕಡಿ, ಮೊದಲನೆಯ ಟ್ಯಾಂಕು ಎಂಬುದು ಅದರ ಅರ್ಥ. 1943ರ ಏಪ್ರಿಲಿನಲ್ಲಿ ಟ್ಯುನಿಸಿಯಾದಲ್ಲಿ ಬ್ರಿಟಿಷರು ಇದನ್ನು ಸೆರೆಹಿಡಿದು, ತಮ್ಮ ಸೇನೆಯ ಲಾಂಛನಗಳನ್ನು ಅದರ ಮೇಲೆ ಬರೆದರು. 1990ರಲ್ಲಿ ಜೀರ್ಣೋದ್ಧಾರ ಆರಂಭವಾಗಿ, 2003ರ ಡಿಸೆಂಬರಿನಲ್ಲಿ ಅದು ಓಡುವ ಸ್ಥಿತಿಯಲ್ಲಿ ಮ್ಯೂಸಿಯಮ್ಮಿಗೆ ಮರಳಿತು. ಏಪ್ರಿಲ್ 21ರಂದು ಜೆಬೆಲ್ ಜಾಫಾ ಎಂಬ ಗುಡ್ಡದಲ್ಲಿ ಅದು ಸಿಕ್ಕಿತೆಂದು ದಶಕಗಳ ಕಾಲ ಬರೆಯಲಾಗುತ್ತಿತ್ತು. ಆದರೆ ಆ ಕದನದಲ್ಲಿದ್ದ ಕಾಲಾಳು ಯೋಧನೊಬ್ಬನ ಮಗ, ತನ್ನ ತಂದೆ ಹೇಳಿದ್ದ ವೃತ್ತಾಂತ ಇದಕ್ಕೆ ಹೊಂದದಿದ್ದುದನ್ನು ಕಂಡು ಶೋಧನೆಗೆ ತೊಡಗಿದರು. ಅದು ಏಪ್ರಿಲ್ 24ರಂದು ಗುಯೆರಿಯಾತ್ ಎಲ್ ಅತಾಶ್ ಎಂಬಲ್ಲಿ ಸಿಕ್ಕಿತೆಂಬ ನಿರ್ಣಯ ಅದರ ಫಲ. 131 ಎಂಬ ಅಂಕಿ ಎಂದೂ ಸುಳ್ಳಾಡಿರಲಿಲ್ಲ. ಅದು ಹೇಳದೆ ಇದ್ದುದನ್ನು ಜನರು ಅದರ ಬಾಯಲ್ಲಿ ನುಡಿಸಿದ್ದರು. ಗ್ರಂಥಗಳಲ್ಲಿ ನೆಲೆಗೊಂಡಿದ್ದುದನ್ನು ತಿದ್ದಿದ್ದು ತಂದೆಯ ಬಾಯಿಮಾತನ್ನು ಮರೆಯದೆ ಉಳಿಸಿಕೊಂಡ ಮಗನ ಶ್ರದ್ಧೆ.

ಕೊಲ್ಲುವ ಯಂತ್ರದ ಗುರುತಿಗೆ ಇಷ್ಟು ಆದರವೇಕೆ ಎಂದು ಕೆಲವರು ಕೇಳಬಹುದು. ಆದರ ಯಂತ್ರಕ್ಕಲ್ಲ. ಅದರೊಳಗೆ ಕುಳಿತವರೂ ಅದರ ಎದುರು ನಿಂತವರೂ ತಾಯಂದಿರ ಮಕ್ಕಳೇ. ಅವರಲ್ಲಿ ಯಾರು ಎಲ್ಲಿ ಮಡಿದರೆಂಬುದನ್ನು ಸರಿಯಾಗಿ ಹೇಳುವುದು ಬದುಕಿರುವವರು ತೀರಿಸಬೇಕಾದ ಋಣ.

ಇನ್ನು ನಮ್ಮ ಮನೆಗಳತ್ತ ನೋಡೋಣ. ಅಟ್ಟದ ಮೇಲಿನ ಹಿತ್ತಾಳೆ ಕೊಡದ ಕಂಠದಲ್ಲಿ, ಮದುವೆಯಲ್ಲಿ ಅದನ್ನು ಕೊಟ್ಟವರ ಹೆಸರು, ಊರು, ತಾರೀಖು ಕೊರೆದಿರುತ್ತವೆ. ಹುಣಿಸೆಹಣ್ಣಿನಲ್ಲಿ ತಿಕ್ಕಿ ತಿಕ್ಕಿ ಅವು ಅರ್ಧ ಸವೆದಿವೆ. ಉಳಿದರ್ಧ ಹಳೆಯ ಪಾತ್ರೆಯ ವ್ಯಾಪಾರಿಯ ತಕ್ಕಡಿ ಸೇರುತ್ತಿದೆ. ಊರ ಮಠದ ಕಲ್ಲುಕಂಬದ ಶಾಸನಕ್ಕೆ ಭಕ್ತಿಯಿಂದಲೇ ಎಣ್ಣೆಬಣ್ಣ ಬಳಿಯುತ್ತಿದ್ದೇವೆ. ಇಷ್ಟನ್ನಾದರೂ ಮಾಡೋಣ: ತಿಕ್ಕುವ, ಬಳಿಯುವ, ಮಾರುವ ಮುನ್ನ ಅಕ್ಷರಗಳ ಛಾಯಾಚಿತ್ರ ತೆಗೆದಿಡೋಣ. ಮನೆಯ ಅಜ್ಜಿಯನ್ನು ಕೂರಿಸಿಕೊಂಡು, ಆ ಹೆಸರು ಯಾರದೆಂದು ಕೇಳಿ, ಆಕೆ ಹೇಳಿದ್ದನ್ನು ಹೇಳಿದಂತೆಯೇ ಬರೆದಿಡೋಣ. ಗೊತ್ತಾಗದ ಜಾಗವನ್ನು ಊಹೆಯಿಂದ ತುಂಬದೆ ಖಾಲಿ ಬಿಡೋಣ.

ಕುರುಹನ್ನು ಕಾಯುವುದು ಕೈಯ ಕೆಲಸ. ಅರಿವನ್ನು ಕಾಯುವುದು ಸತ್ಯದ ಕೆಲಸ. ಎರಡೂ ಕೂಡಿದಲ್ಲಿಯೇ ಹಿರಿಯರ ಸ್ಮರಣೆ ಸಾರ್ಥಕವಾಗುವುದು.