ಹಳೆಯ ಬ್ಯಾಟರಿಯ ಹೊಣೆ

ಕಾರಿನ ಬ್ಯಾಟರಿಯನ್ನು ಮನೆಯಲ್ಲಿಯೇ ಬದಲಾಯಿಸಿಕೊಳ್ಳಬಹುದೇ? ಬದಲಾಯಿಸಿಕೊಳ್ಳಬಹುದು ಎಂಬುದೇ ನಮ್ಮ ಅಭಿಪ್ರಾಯ. ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ಲಿನಂಥ ಊರಿನಲ್ಲಿ, ನಸುಕಿಗೇ ರೇಷ್ಮೆಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯಬೇಕಾದವನ ವಾಹನ ಮಿಸುಕದೆ ನಿಂತರೆ, ಪೇಟೆಯಿಂದ ಮೆಕ್ಯಾನಿಕ್ ಬರುವವರೆಗೆ ಕಾಯುವುದು ನಷ್ಟಕ್ಕೆ ದಾರಿ. ಕೆಲಸವೇನೂ ಕಠಿಣವಾದುದಲ್ಲ. ಆದರೆ ಅದನ್ನು ಕಾರಣವರಿತು ಮಾಡಬೇಕು, ಕೊನೆಮುಟ್ಟ ಮಾಡಬೇಕು.

ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸ-ಆಮ್ಲ ಕೋಶವೇ ಇಂದಿನ ಸಾಮಾನ್ಯ ಕಾರುಗಳ ಬ್ಯಾಟರಿಗೂ ಮೂಲ. ಅದರಲ್ಲಿ ಸೀಸದ ಫಲಕಗಳು ಗಂಧಕಾಮ್ಲದ ದ್ರಾವಣದಲ್ಲಿ ಮುಳುಗಿರುತ್ತವೆ. ಒಂದೊಂದು ಕೋಶವೂ ಸುಮಾರು 2 ವೋಲ್ಟ್ ಕೊಡುವುದರಿಂದ ಆರು ಕೋಶಗಳು ಸೇರಿ 12 ವೋಲ್ಟ್ ಆಗುತ್ತದೆ. ಇಷ್ಟು ಕಡಿಮೆ ವೋಲ್ಟೇಜಿನಿಂದ ಶಾಕ್ ಹೊಡೆಯುವುದಿಲ್ಲವೆಂಬುದು ನಿಜ. ಆದರೆ ಎಂಜಿನ್ನನ್ನು ತಿರುಗಿಸಲು ನೂರಾರು ಆಂಪಿಯರ್ ಹರಿಸಬಲ್ಲ ಈ ಪೆಟ್ಟಿಗೆಯ ಎರಡು ಧ್ರುವಗಳಿಗೂ ಸ್ಪ್ಯಾನರು ತಗಲಿತೆಂದರೆ, ಅದು ಕಾದು ಕೈಯನ್ನು ಸುಡುತ್ತದೆ. ಕಿಡಿ ಹಾರಿದರೆ ಬ್ಯಾಟರಿಯಿಂದ ಹೊಮ್ಮಿದ ಜಲಜನಕ ಸ್ಫೋಟಿಸುವುದೂ ಉಂಟು.

ಬಹುತೇಕ ಎಲ್ಲ ಕಾರುಗಳಲ್ಲಿಯೂ ಋಣಧ್ರುವದ ತಂತಿ ಗಾಡಿಯ ಮೈಗೇ ಸೇರಿದೆ. ಧನಧ್ರುವವನ್ನು ಮೊದಲು ಸಡಿಲಿಸಹೋಗಿ ಸ್ಪ್ಯಾನರು ಗಾಡಿಯ ಯಾವುದೇ ಲೋಹದ ಭಾಗಕ್ಕೆ ತಗಲಿದರೂ ಮಂಡಲ ಪೂರ್ಣವಾಗಿಬಿಡುತ್ತದೆ. ಆದುದರಿಂದಲೇ ಬಿಚ್ಚುವಾಗ ಮೊದಲು ಋಣ, ಅನಂತರ ಧನ. ಜೋಡಿಸುವಾಗ ಮೊದಲು ಧನ, ಕೊನೆಗೆ ಋಣ. ಕೈಯಲ್ಲಿನ ಉಂಗುರವನ್ನು ತೆಗೆದಿಟ್ಟು, ಕೈಗವಸು ಮತ್ತು ಕನ್ನಡಕ ಧರಿಸಬೇಕು. ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳ ಅಧಿಕ ವೋಲ್ಟೇಜಿನ ಬ್ಯಾಟರಿಗೆ ಮಾತ್ರ ಮನೆಯಲ್ಲಿ ಕೈ ಹಾಕಲೇಬಾರದು.

ಹೊಸದನ್ನು ಕೂರಿಸಿ ಗಾಡಿ ಹೊರಟೊಡನೆ ಕೆಲಸ ಮುಗಿಯಿತೆಂದು ಹಲವರು ತಿಳಿಯುತ್ತಾರೆ. ನಾವು ಇದನ್ನು ಒಪ್ಪುವುದಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಉಳಿದ ಹಳೆಯ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸೀಸವೇ. ಸೆನೆಗಲ್ ದೇಶದ ಡಕಾರ್ ನಗರದ ಬಳಿ ಬ್ಯಾಟರಿಗಳನ್ನು ಒಡೆದು ಸೀಸ ತೆಗೆಯುತ್ತಿದ್ದ ಒಂದು ಬಡಾವಣೆಯಲ್ಲಿ 2007-08ರಲ್ಲಿ 18 ಮಕ್ಕಳು ಸೀಸದ ವಿಷದಿಂದ ಸತ್ತರು. ರಕ್ತದಲ್ಲಿ ಸೀಸ ಇಷ್ಟಿದ್ದರೆ ಅಪಾಯವಿಲ್ಲವೆನ್ನುವ ಮಿತಿಯೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಳೆಯ ಮಕ್ಕಳ ಮಿದುಳಿಗೆ ಅದರಿಂದಾಗುವ ಹಾನಿ ಮತ್ತೆ ಸರಿಹೋಗದು. ನಿತ್ಯ ಹರಿಯುವ ನದಿಯಿಲ್ಲದೆ ಕೆರೆ, ಕೊಳವೆಬಾವಿಗಳನ್ನೇ ನಂಬಿರುವ ಈ ಸೀಮೆಯಲ್ಲಿ ಸೀಸ ಬೆರೆತ ಆಮ್ಲವನ್ನು ನೆಲಕ್ಕೆ ಸುರಿಯುವುದು ಎಷ್ಟು ಅವಿವೇಕವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಳೆಯ ಬ್ಯಾಟರಿಯನ್ನು ಹಿಂದಕ್ಕೆ ಪಡೆಯುವ ವ್ಯವಸ್ಥೆಯನ್ನು ನಮ್ಮ ದೇಶದಲ್ಲಿ 2001ರ ನಿಯಮಗಳೇ ತಂದವು. 2022ರ ನಿಯಮಗಳು ತಯಾರಕರ ಮೇಲೆ ಆ ಹೊಣೆಯನ್ನು ಇನ್ನಷ್ಟು ಬಿಗಿಯಾಗಿ ಹೊರಿಸಿವೆ. ಹಳೆಯದನ್ನು ಒಪ್ಪಿಸಿದವರಿಗೆ ಅಂಗಡಿಯವರು ಹೊಸದರ ಬೆಲೆಯಲ್ಲಿ ಸ್ವಲ್ಪ ಇಳಿಸುವುದೂ ವಾಡಿಕೆ. ಗುಜರಿಯವನು ಅದಕ್ಕಿಂತ ನಾಲ್ಕು ಕಾಸು ಹೆಚ್ಚು ಕೊಟ್ಟಾನು. ಆದರೆ ಅದು ಯಾರ ಹಿತ್ತಲಿನಲ್ಲಿ, ಯಾವ ಮಕ್ಕಳ ಮುಂದೆ ಒಡೆಯಲ್ಪಡುವುದೆಂದು ಯಾರು ಬಲ್ಲರು? ತಯಾರಕರು ಪೇಟೆಯ ಅಂಗಡಿಗಳಿಗೇ ತೃಪ್ತರಾಗದೆ ಪ್ರತಿ ಹೋಬಳಿಯಲ್ಲಿಯೂ ಸಂಗ್ರಹಣೆಯ ಏರ್ಪಾಡು ಮಾಡಬೇಕೆಂಬುದು ನಮ್ಮ ಆಗ್ರಹ. ಮೆಕ್ಯಾನಿಕ್ಕನ ಕೂಲಿಯನ್ನು ಉಳಿಸಿಕೊಂಡವನು ಅವನ ಹೊಣೆಯನ್ನೂ ಹೊರಬೇಕು. ಹಳೆಯ ಬ್ಯಾಟರಿ ಅಂಗಡಿಗೆ ಮರಳಿದ ದಿನವೇ ಆ ಕೆಲಸ ಮುಗಿಯಿತೆಂದು ಎಣಿಸತಕ್ಕದ್ದು.