ಹಳೆಯ ಜೀಪಿಗೆ ಹೊಸ ಉಸಿರು

ಬಹುಕಾಲ ದುಡಿದ ವಾಹನದ ಮೇಲಿನ ಮಮತೆ ಮನೆಯ ಮುದಿ ಎತ್ತಿನ ಮೇಲಿನ ಮಮತೆಯಂತೆ. ಕಸುವು ತಗ್ಗಿದರೂ ಕೈಬಿಡಲು ಮನಸ್ಸೊಪ್ಪುವುದಿಲ್ಲ. ಅಮೆರಿಕದಲ್ಲಿ 1984ರಿಂದ 2001ರವರೆಗೆ ಮಾರಾಟವಾದ ಜೀಪ್ ಚೆರೋಕಿ ಗಾಡಿಗಳನ್ನು ಇಂದಿಗೂ ಸಾಕಿಕೊಂಡಿರುವವರ ಪಾಡು ಇದೇ. ಬೆಟ್ಟ, ಬಂಡೆ, ಮರಳು ಎನ್ನದೆ ಓಡಿದ ಇಂಜಿನು ಸವೆದು, ಏರಿನಲ್ಲಿ ಏದುಸಿರು ಬಿಡತೊಡಗಿದಾಗ ಒಡೆಯನ ಮುಂದೆ ಎರಡು ದಾರಿಗಳು: ಇದ್ದಂತೆಯೇ ದುರಸ್ತಿ ಮಾಡಿಸುವುದು, ಇಲ್ಲವೆ ಇಂಜಿನ್ನಿನ ‘ಸ್ಟ್ರೋಕ್’ ಹೆಚ್ಚಿಸಿ ಅದರ ಶಕ್ತಿಯನ್ನೇ ಬೆಳೆಸುವುದು. ಹೀಗೆ ಬೆಳೆಸಿದ ಇಂಜಿನ್ನಿಗೆ ‘ಸ್ಟ್ರೋಕರ್’ ಎಂದು ಹೆಸರು.

ಸಿಲಿಂಡರಿನೊಳಗೆ ಪಿಸ್ಟನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಚಲಿಸುವ ದೂರವೇ ಸ್ಟ್ರೋಕ್. ಅದನ್ನು ನಿರ್ಧರಿಸುವುದು ಕ್ರ್ಯಾಂಕ್ ಶಾಫ್ಟು. 1987ರಲ್ಲಿ ಚೆರೋಕಿಗೆ ಬಂದ ಆರು ಸಿಲಿಂಡರುಗಳ 4.0 ಲೀಟರಿನ ಇಂಜಿನ್ನಿನಲ್ಲಿ ಈ ದೂರ 86.7 ಮಿಲಿಮೀಟರು. ಅದೇ ವಂಶದ ಹಿರಿಯಣ್ಣನೆನ್ನಬಹುದಾದ 4.2 ಲೀಟರಿನ ಇಂಜಿನ್ನಿನಲ್ಲಿ 98.9 ಮಿಲಿಮೀಟರು. ಅಣ್ಣನ ಕ್ರ್ಯಾಂಕ್ ಶಾಫ್ಟನ್ನು ತಮ್ಮನ ಬ್ಲಾಕಿನಲ್ಲಿ ಕೂರಿಸಬಹುದು. ಜೊತೆಗೆ ಸಿಲಿಂಡರುಗಳನ್ನು ಕೊರೆದು 0.030 ಅಂಗುಲ ಅಗಲಿಸಿದರೆ ಇಂಜಿನ್ನಿನ ಗಾತ್ರ ಸುಮಾರು 4.6 ಲೀಟರಿಗೆ ಏರುತ್ತದೆ. ಎಂದರೆ ಶೇಕಡ 16ರಷ್ಟು ಹೆಚ್ಚಳ. ಇದರ ಲಾಭ ಹೆಚ್ಚಾಗಿ ಕಾಣುವುದು ನಿಧಾನಗತಿಯ ಎಳೆತದಲ್ಲಿ. ಬಂಡೆ ಹತ್ತುವ ಗಾಡಿಗೆ ಬೇಕಾದುದೂ ಅದೇ.

ಮೊದಲ ಬಾರಿ ಕೈಹಾಕುವವನು ಎಡವುವುದು ಸ್ಪ್ಯಾನರಿನಲ್ಲಲ್ಲ, ಲೆಕ್ಕದಲ್ಲಿ. ಸ್ಟ್ರೋಕ್ 12.2 ಮಿಲಿಮೀಟರು ಬೆಳೆದರೆ ಪಿಸ್ಟನ್ನು ಅದರ ಅರ್ಧದಷ್ಟು, ಎಂದರೆ 6.1 ಮಿಲಿಮೀಟರು, ಹೆಚ್ಚು ಮೇಲೇರುತ್ತದೆ. ಮೊದಲಿನ ರಾಡು, ಮೊದಲಿನ ಪಿಸ್ಟನ್ನುಗಳನ್ನೇ ಉಳಿಸಿಕೊಂಡರೆ ಅದು ಬ್ಲಾಕಿನ ಅಂಚನ್ನು ದಾಟಿ ಹೆಡ್ಡಿಗೆ ಬಡಿಯುವುದು ಖಂಡಿತ. 4.2ರ ಕನೆಕ್ಟಿಂಗ್ ರಾಡು 6.35 ಮಿಲಿಮೀಟರು ಗಿಡ್ಡ. ಅದನ್ನೇ ಜೋಡಿಸಿದರೆ ಪಿಸ್ಟನ್ನು ಬಹುಮಟ್ಟಿಗೆ ಮೊದಲಿನ ಎತ್ತರದಲ್ಲಿ ನಿಲ್ಲುತ್ತದೆ. ಉದ್ದನೆಯ ರಾಡೇ ಬೇಕೆನ್ನುವವರು ಅದಕ್ಕೆ ಹೊಂದುವ ಬೇರೆ ಪಿಸ್ಟನ್ನುಗಳಿಗೆ ಹಣ ತೆರಬೇಕಾಗುತ್ತದೆ.

ಎರಡನೆಯ ಲೆಕ್ಕ ಒತ್ತಡದ್ದು. ಹೆಚ್ಚು ಗಾಳಿಯನ್ನು ಮೊದಲಿನಷ್ಟೇ ಜಾಗದಲ್ಲಿ ಅದುಮಿದರೆ 8.8 ಇದ್ದ ಕಂಪ್ರೆಷನ್ ಪ್ರಮಾಣ ಹತ್ತರ ಸಮೀಪಕ್ಕೆ ಬರುತ್ತದೆ. ಆಗ ಸಾಧಾರಣ ಪೆಟ್ರೋಲು ಅಕಾಲದಲ್ಲಿ ಸ್ಫೋಟಿಸಿ ಇಂಜಿನು ‘ನಾಕ್’ ಆಗುವ ಭಯವುಂಟು. ಅದು ಮುಂದುವರಿದರೆ ಪಿಸ್ಟನ್ನುಗಳೇ ಒಡೆದಾವು. ಆದುದರಿಂದ ತಲೆಯಲ್ಲಿ ತಗ್ಗು ಹೆಚ್ಚಾಗಿರುವ ಪಿಸ್ಟನ್ನುಗಳನ್ನು ಆರಿಸುವುದು ಕ್ಷೇಮ.

ಹೆಚ್ಚು ಗಾಳಿಗೆ ಹೆಚ್ಚು ಪೆಟ್ರೋಲೂ ಬೇಕು. ಇಂಜೆಕ್ಟರುಗಳ ಧಾರೆ ಸಾಲದೆ ಹೋದರೆ ಮಿಶ್ರಣ ತೆಳುವಾಗಿ, ವಾಲ್ವುಗಳೂ ಪಿಸ್ಟನ್ನುಗಳೂ ಸುಟ್ಟುಹೋಗಬಹುದು. ಹೆಚ್ಚಿದ ಶಾಖವನ್ನು ಹಳೆಯ ರೇಡಿಯೇಟರು ತಾಳೀತೇ, ಹೆಚ್ಚಿದ ಎಳೆತವನ್ನು ಹಿಂದಿನ ಆಕ್ಸಲ್ ತಡೆದೀತೇ ಎಂಬುದನ್ನೂ ಮೊದಲೇ ವಿಚಾರಿಸಬೇಕು.

ಬಿಡಿಭಾಗಗಳನ್ನು ಕೊಳ್ಳುವ ಕ್ರಮವೂ ಮುಖ್ಯ. ಹೊಳೆಯುವ ಪಿಸ್ಟನ್ನುಗಳನ್ನು ಮೊದಲು ಕೊಂಡು, ಆಮೇಲೆ ಬ್ಲಾಕಿನಲ್ಲಿ ಬಿರುಕು ಕಂಡರೆ ಹಣವೆಲ್ಲ ಹೊಳೆಯಲ್ಲಿ ಹುಣಿಸೆ ತೊಳೆದಂತೆ. ಬ್ಲಾಕು ಮತ್ತು ಹಳೆಯ ಕ್ರ್ಯಾಂಕ್ ಶಾಫ್ಟುಗಳನ್ನು ಲೇತ್ ಕಾರ್ಖಾನೆಯಲ್ಲಿ ತೊಳೆಸಿ, ಬಿರುಕು ಪರೀಕ್ಷಿಸಿ, ಸವೆತ ಅಳೆಸಿದ ಮೇಲೆಯೇ ಉಳಿದ ಕೊಳ್ಳುವಿಕೆ. ಕ್ರ್ಯಾಂಕ್ ಶಾಫ್ಟಿನ ಮುಂದಿನ ಮೂತಿಯ ಉದ್ದ ಎಲ್ಲ ವರ್ಷಗಳಲ್ಲೂ ಒಂದೇ ಅಲ್ಲವಾದುದರಿಂದ ಅದನ್ನೂ ಅಳೆಯಬೇಕು. ಬಳಿಕ ರಾಡು, ಪಿಸ್ಟನ್ನು, ಕ್ರ್ಯಾಂಕ್ ಶಾಫ್ಟುಗಳನ್ನು ಒಟ್ಟಾಗಿ ತೂಗಿ ಸಮತೂಕಗೊಳಿಸಬೇಕು.

ಕಡೆಯ ಗಂಡಾಂತರ ಮೊದಲ ಚಾಲನೆಯದು. ಹೊಸ ಕ್ಯಾಮ್ ಶಾಫ್ಟನ್ನು ಹಾಕಿದ್ದರೆ, ಇಂಜಿನು ಹೊತ್ತಿಕೊಂಡ ಕೂಡಲೆ ನಿಮಿಷಕ್ಕೆ 2,000 ಸುತ್ತುಗಳ ಆಸುಪಾಸಿನಲ್ಲಿ ಸುಮಾರು 20 ನಿಮಿಷ ಓಡಿಸುವುದು ರೂಢಿ. ಸತುವಿನ ಅಂಶ ಸಾಕಷ್ಟಿರುವ ಎಣ್ಣೆಯೂ ಬೇಕು. ಹಾಗೆ ಮಾಡದೆ ತಗ್ಗು ವೇಗದಲ್ಲಿ ಗುರುಗುಟ್ಟಲು ಬಿಟ್ಟರೆ ಕ್ಯಾಮಿನ ಉಬ್ಬುಗಳಿಗೆ ಎಣ್ಣೆ ಚಿಮ್ಮುವುದು ಸಾಲದೆ ಅವು ಸವೆದು, ತಿಂಗಳುಗಳ ಶ್ರಮ ಅರ್ಧ ಗಂಟೆಯಲ್ಲಿ ಮಣ್ಣುಪಾಲಾಗಬಹುದು.

ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆ ಯಂತ್ರಗಳಿಗೂ ಸಲ್ಲುತ್ತದೆ. ಒಂದು ನೋಟುಪುಸ್ತಕ, ಒಂದು ಮೈಕ್ರೊಮೀಟರು, ಒಂದಿಷ್ಟು ತಾಳ್ಮೆ: ಇವು ಮೂರೂ ಇದ್ದವನ ಹಳೆಯ ಗಾಡಿ ಮತ್ತೊಮ್ಮೆ ಬೆಟ್ಟವನ್ನು ಹತ್ತೀತು, ಇಲ್ಲದವನದು ಷೆಡ್ಡಿನಲ್ಲಿ ಇಟ್ಟಿಗೆಗಳ ಮೇಲೆಯೇ ನಿಂತೀತು.