ಟಂಕಸಾಲೆ ಸೃಷ್ಟಿಸುವ ಬರ

ಮೈಸೂರಿನ ಬನ್ನಿಮಂಟಪದ ಟೀ ಅಂಗಡಿಯಲ್ಲಿ ಹತ್ತು ರೂಪಾಯಿಯ ನಾಣ್ಯ ಕೊಟ್ಟು ನೋಡಿ. "ನೋಟಿದ್ರೆ ಕೊಡಿ ಸಾರ್, ಇದು ನಡೆಯಲ್ಲ" ಎನ್ನುವವರು ಈಗಲೂ ಸಿಗುತ್ತಾರೆ. ಹತ್ತು ರೂಪಾಯಿಯ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಸಾರಿದರೂ ಗಲ್ಲಾಪೆಟ್ಟಿಗೆಯ ಅನುಮಾನ ಹೋಗಿಲ್ಲ. ಅದೇ ಬಡಾವಣೆಯಲ್ಲಿ, ಯಾವ ಗಲ್ಲಾಪೆಟ್ಟಿಗೆಗೂ ಬೀಳದ ನೂರು ರೂಪಾಯಿಯ ನಾಣ್ಯಕ್ಕೆ ಸಾವಿರಾರು ರೂಪಾಯಿ ಎಣಿಸುವ ಸಂಗ್ರಹಕಾರರೂ ಇದ್ದಾರೆ. ಅವರ ಹವ್ಯಾಸಕ್ಕೆ ನನ್ನ ತಕರಾರಿಲ್ಲ, ನನಗೂ ಸ್ವಲ್ಪ ಆ ಹುಚ್ಚಿದೆ. ತಕರಾರಿರುವುದು ಅವರಲ್ಲೇ ಹಲವರು ಆಡುವ ಒಂದು ಮಾತಿಗೆ: "ಸರ್ಕಾರ ಕಡಿಮೆ ಟಂಕಿಸಬೇಕು, ಆಗಲೇ ಸೆಟ್ಟಿಗೆ ಬೆಲೆ."

ನಮ್ಮಲ್ಲಿ ಸ್ಮರಣಾರ್ಥ ನಾಣ್ಯಗಳನ್ನು ಟಂಕಿಸಿ ಮಾರುವುದು ಮುಂಬೈ, ಕೋಲ್ಕತ್ತಾ, ಹೈದರಾಬಾದ್ ಮತ್ತು ನೋಯ್ಡಾದ ಟಂಕಸಾಲೆಗಳು. ನಾಲ್ಕೂ ಕೇಂದ್ರ ಸರ್ಕಾರದ ಒಡೆತನದ ಒಂದೇ ನಿಗಮದ ಕೈಯಲ್ಲಿವೆ. ಕನ್ನಡಿಯಂತೆ ಹೊಳೆಯುವ ಪ್ರೂಫ್ ನಾಣ್ಯ ಒಂದು ಬಗೆ, ಸಾಧಾರಣ ಹೊಳಪಿನ ಯುಎನ್‌ಸಿ ಇನ್ನೊಂದು. ಮಾರಾಟ ಹೆಚ್ಚಾಗಿ ಆನ್‌ಲೈನಿನಲ್ಲೇ. ಬೇಡಿಕೆಯ ಸೆಟ್ಟು ಬಂದ ದಿನ ಪುಟ ತೆರೆದುಕೊಳ್ಳುವುದೇ ಕಷ್ಟ. ತೆರೆದುಕೊಂಡಾಗ 'ಸ್ಟಾಕ್ ಇಲ್ಲ' ಎಂದಿರುತ್ತದೆ. ಆಮೇಲೆ ಡೀಲರೊಬ್ಬರ ವಾಟ್ಸಾಪ್ ಸಂದೇಶ ಬರುತ್ತದೆ: ಪ್ರೂಫ್ ಇದೆ, ಸೀಲ್ ಪ್ಯಾಕ್, ರೇಟು ಇಷ್ಟು. ರೇಟು ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಜೊತೆಗೆ ಬಂದ ಫೋಟೋದಲ್ಲಿ ಒಂದರ ಮೇಲೊಂದು ಹತ್ತಾರು ಫೋಲ್ಡರುಗಳು.

ಲೋಹದ ಲೆಕ್ಕವನ್ನೂ ನೋಡೋಣ. ನೂರು ರೂಪಾಯಿಯ ನಾಣ್ಯದ ಅಗಲ 44 ಮಿಲಿಮೀಟರ್. ಬಹುಕಾಲ ಅದರ ತೂಕ 35 ಗ್ರಾಂ ಇತ್ತು, ಅದರಲ್ಲಿ ಬೆಳ್ಳಿ ಅರ್ಧದಷ್ಟಿತ್ತು. ಉಳಿದದ್ದು ತಾಮ್ರ, ನಿಕ್ಕಲ್, ಸತು. 2023ರ ಆಗಸ್ಟಿನಲ್ಲಿ ಎನ್‌ಟಿಆರ್ ಜನ್ಮಶತಮಾನೋತ್ಸವದ ನಾಣ್ಯ ಬಂದಾಗ ಅಂದಿನ ದರದಲ್ಲಿ ಅಷ್ಟು ಬೆಳ್ಳಿಗೆ ಸುಮಾರು 1,300 ರೂಪಾಯಿ. ಟಂಕಸಾಲೆಯ ಬೆಲೆ ನಾಲ್ಕು ಸಾವಿರ ದಾಟಿತ್ತು, ಆದರೂ ಹೈದರಾಬಾದಿನಲ್ಲಿ ಜನ ಸಾಲು ನಿಂತರು. ಮರುವರ್ಷ ಚೆನ್ನೈನಲ್ಲಿ ಬಿಡುಗಡೆಯಾದ ಕರುಣಾನಿಧಿ ನಾಣ್ಯವನ್ನು ಅವರ ಪಕ್ಷದ ಕಚೇರಿಯಲ್ಲೇ ತಲಾ 10,000ಕ್ಕೆ ಮಾರಲಾಯಿತು. ಅಭಿಮಾನಕ್ಕೆ ಬೆಲೆ ಕಟ್ಟಲಾಗದು, ಇರಲಿ. ಆದರೆ ಟಂಕಸಾಲೆಯ ಬೆಲೆಗೂ ಪೇಟೆಯ ಬೆಲೆಗೂ ನಡುವಿನ ಈ ಅಂತರ ಯಾರ ಜೇಬು ಸೇರುತ್ತದೆ? ಖಜಾನೆಗಂತೂ ಅಲ್ಲ.

ಬರ ಎಂದರೇನೆಂದು ನಮ್ಮ ಬಡಾವಣೆಗೆ ಯಾರೂ ಹೇಳಿಕೊಡಬೇಕಿಲ್ಲ. ವಿಜಯದಶಮಿಯ ರಾತ್ರಿಯ ಪಂಜಿನ ಕವಾಯತಿಗೆ ಇಲ್ಲಿ ಪಾಸಿಗಾಗಿ ಕಂಡಕಂಡವರ ಕಾಲು ಹಿಡಿಯುತ್ತಾರೆ. ಆದರೆ ಮೈದಾನದ ಗ್ಯಾಲರಿಯಲ್ಲಿ ಕೂರುವ ಜಾಗಕ್ಕೆ ಮಿತಿಯಿದೆ, ಪೊಲೀಸರಿಗೂ ಭದ್ರತೆಯ ಚಿಂತೆಯಿದೆ. ನಾಣ್ಯದ ಅಚ್ಚಿಗೆ ಆ ಕಷ್ಟವಿಲ್ಲ. ಒಂದು ಅಚ್ಚು ಸವೆದರೆ ಇನ್ನೊಂದು ಕೆತ್ತಿಸಬಹುದು, ಬೆಳ್ಳಿ ಬೇಕಾದಷ್ಟು ಕೊಳ್ಳಬಹುದು. ಇಲ್ಲಿ ಕೊರತೆ ಹುಟ್ಟುವುದು ಯಾರದೋ ಮೇಜಿನ ಮೇಲೆ ಬರೆದ ಒಂದು ಸಂಖ್ಯೆಯಿಂದ. ಆ ಸಂಖ್ಯೆ ಎಷ್ಟೆಂದು ಕೊಳ್ಳುವವನಿಗೆ ಮುಂಚಿತವಾಗಿ ತಿಳಿಯುವುದೂ ಅಪರೂಪ.

ಹಿಂದೆ ಪದ್ಧತಿ ಬೇರೆಯಿತ್ತು. ಟಂಕಸಾಲೆ ಜಾಹೀರಾತು ಕೊಡುತ್ತಿತ್ತು, ಸಂಗ್ರಹಕಾರ ಡೆಮಾಂಡ್ ಡ್ರಾಫ್ಟ್ ಕಳಿಸಿ ಬುಕ್ ಮಾಡುತ್ತಿದ್ದ, ಗಡುವಿನೊಳಗೆ ಬಂದ ಬೇಡಿಕೆಗೆ ತಕ್ಕಷ್ಟು ನಾಣ್ಯ ತಯಾರಾಗುತ್ತಿತ್ತು. ಪಾರ್ಸಲು ಬರುವ ಹೊತ್ತಿಗೆ ಬುಕ್ ಮಾಡಿದ್ದೇ ಮರೆತುಹೋಗುವಷ್ಟು ತಡವಾಗುತ್ತಿತ್ತು, ನಿಜ. ಬೈದುಕೊಂಡವರಲ್ಲಿ ನಾನೂ ಒಬ್ಬ. ಆದರೂ ದುಡ್ಡು ಕಟ್ಟಿದವನಿಗೆ ನಾಣ್ಯ ಸಿಗುತ್ತಿತ್ತು. ತಡವನ್ನು ಸರಿಪಡಿಸುವ ಬದಲು ಪದ್ಧತಿಯನ್ನೇ ಕೈಬಿಟ್ಟದ್ದು ಯಾವ ಜಾಣತನ?

ಸಂಗ್ರಹಕಾರರ ಪ್ರಬಲ ವಾದ ಒಂದಿದೆ. ಎಲ್ಲರಿಗೂ ಸಿಗುವುದನ್ನು ಸಂಗ್ರಹಿಸುವುದರಲ್ಲಿ ಏನು ಸುಖ ಎಂದು ಅವರು ಕೇಳುತ್ತಾರೆ. ಉತ್ತರಕ್ಕೆ ನಮ್ಮ ಮೈಸೂರಿನ ಕಂಠೀರಾಯಿ ಹಣವನ್ನೇ ತೆಗೆದುಕೊಳ್ಳಿ. ಹದಿನೇಳನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಹೊರಡಿಸಿದ, ನರಸಿಂಹನ ಮೂರ್ತಿಯಿರುವ ಪುಟ್ಟ ಚಿನ್ನದ ನಾಣ್ಯ. ತೂಕ ಅರ್ಧ ಗ್ರಾಂ ಕೂಡ ಇಲ್ಲ, ಅಂಗೈಯಲ್ಲಿಟ್ಟು ಉಸಿರು ಬಿಡಲೂ ಭಯ. ಅದನ್ನು ಇಂತಿಷ್ಟೇ ಎಂದು ಎಣಿಸಿ ಯಾರೂ ಟಂಕಿಸಲಿಲ್ಲ. ಸಂತೆ ಸುತ್ತಿತು, ಕಂದಾಯವಾಗಿ ಖಜಾನೆ ಸೇರಿತು. ಹತ್ತು ಹಣಕ್ಕೊಂದು ಕಂಠೀರಾಯಿ ವರಹದ ಲೆಕ್ಕ ದಿವಾನ್ ಪೂರ್ಣಯ್ಯನವರ ಕಾಲದ ಕಡತಗಳವರೆಗೂ ನಡೆಯಿತು. ಇಂದು ಅದನ್ನು ಹುಡುಕುವವರು ಹುಡುಕುವುದು ಆ ಓಡಾಟವನ್ನು. ಪ್ಲಾಸ್ಟಿಕ್ಕಿನ ಕೋಶದಲ್ಲೇ ಹುಟ್ಟಿ ಅಲ್ಲೇ ಮುದಿಯಾಗುವ ನಾಣ್ಯಕ್ಕೆ ಅಂಥ ಕಥೆ ಎಲ್ಲಿಂದ ಬರಬೇಕು?

2006ರಲ್ಲಿ ಬಸವಣ್ಣನವರ ಹೆಸರಿನಲ್ಲೂ ಐದು ರೂಪಾಯಿಯ ಮತ್ತು ನೂರು ರೂಪಾಯಿಯ ನಾಣ್ಯಗಳು ಬಂದವು. ಐದರದ್ದು ಬಸ್ಸಿನ ಕಂಡಕ್ಟರರ ಚೀಲಕ್ಕೂ ತರಕಾರಿಯವರ ಗೋಣಿಯ ಅಡಿಗೂ ಹೋಯಿತು. ನೂರರದ್ದು ಸೆಟ್ಟಿನ ಪೆಟ್ಟಿಗೆಯಲ್ಲೇ ಉಳಿಯಿತು. ಕಾಯಕ ದಾಸೋಹ ಎಂದವರ ಮುಖ ಯಾವುದರ ಮೇಲೆ ಹೆಚ್ಚು ಒಪ್ಪಿತೆಂದು ಓದುಗರೇ ನೋಡಲಿ.

ಅಮೆರಿಕದ ಅನುಭವವೂ ಬೇರೆಯಲ್ಲ. ಅಲ್ಲಿನ ಟಂಕಸಾಲೆ ಸಿಲ್ವರ್ ಈಗಲ್ ನಾಣ್ಯದ 25ನೇ ವರ್ಷಕ್ಕೆಂದು 2011ರ ಅಕ್ಟೋಬರಿನಲ್ಲಿ ಐದು ನಾಣ್ಯಗಳ ಒಂದು ಲಕ್ಷ ಸೆಟ್ಟುಗಳನ್ನು ಮಾರಾಟಕ್ಕಿಟ್ಟಿತು. ಒಂದು ಮನೆಗೆ ಐದು ಸೆಟ್ಟಿನವರೆಗೆ ಅವಕಾಶ. ಐದು ಗಂಟೆಯೊಳಗೆ ಎಲ್ಲ ಖಾಲಿ. ಹಲವು ಸೆಟ್ಟುಗಳು ಕೂಡಲೇ ಇಬೇಯಲ್ಲಿ ಹೆಚ್ಚಿನ ಬೆಲೆಗೆ ಕಾಣಿಸಿಕೊಂಡವು. ಮಿತಿಯಿಂದ ಗೆದ್ದವರು ಬೇಗ ಗುಂಡಿ ಒತ್ತಿದವರು. ನಾಣ್ಯವನ್ನು ಪ್ರೀತಿಸಿದವರೇ ಅವರೆಂದು ಹೇಳಲಾಗದು.

ಹಾಗಾದರೆ ಮಾಡಬೇಕಾದದ್ದೇನು? ತಿಂಗಳ ಕಾಲ ಬುಕಿಂಗ್ ತೆರೆದಿಡಿ. ಮೊದಲ ವಾರ ತಲೆಗೊಂದೇ ಸೆಟ್ಟು. ಬಂದಷ್ಟು ಬೇಡಿಕೆಗೆ ಟಂಕಿಸಿ, ಸಂಖ್ಯೆಯನ್ನು ಪ್ರಕಟಿಸಿ, ತಲುಪಿಸುವ ದಿನಾಂಕವನ್ನು ಅಂದೇ ಹೇಳಿ. ಆನ್‌ಲೈನ್ ಗೊತ್ತಿಲ್ಲದ ಹಿರಿಯರಿಗಾಗಿ ಅಂಚೆ ಕಚೇರಿಯಲ್ಲೂ ಬುಕಿಂಗ್ ಇರಲಿ. 1996ರಿಂದ ನೋಟು ಮುದ್ರಿಸುತ್ತಿರುವ ಊರಿನವರು ನಾವು. ಇಲ್ಲಿಂದ ಒಂದು ನಾಣ್ಯ ಕೊಳ್ಳಲು ದಲ್ಲಾಳಿ ಬೇಕೆಂದರೆ ನಗು ಬರುತ್ತದೆ.

ಡೀಲರುಗಳು ಇದನ್ನು ಒಪ್ಪುವುದಿಲ್ಲ. ಬೀರುವಿನಲ್ಲಿರುವ ಸೆಟ್ಟುಗಳ ಬೆಲೆ ಇಳಿದೀತೆಂದು ನನ್ನ ಕೆಲವು ಸ್ನೇಹಿತರೂ ಮುನಿದಾರು. ಇಳಿದರೆ ಇಳಿಯಲಿ, ಅವರ ಬೀರುವನ್ನು ಕಾಯುವ ಕೆಲಸ ಸರ್ಕಾರಿ ಟಂಕಸಾಲೆಯದಲ್ಲ. ಮುಂದಿನ ಸೆಟ್ಟು ಮಾರಾಟಕ್ಕೆ ಬರುವ ಮುನ್ನ ನಿಗಮ ಒಂದು ಪ್ರಶ್ನೆಗೆ ಉತ್ತರಿಸಲಿ: ಎಷ್ಟು ಟಂಕಿಸುತ್ತೀರಿ, ಅಷ್ಟೇ ಏಕೆ?